ಅಜ್ಜಿಯ ಬೆಂಡೋಲಿಯ ಕೆಂಪು ಹರಳು ಸಿಂಥೆಟಿಕ್ ಅಂತೆ. ಅಂದರೆ ಅದು ಸುಳ್ಳು ಹರಳಾ?

ಮಲ್ಲಿಗೆ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿಯ ಏಳು ಹರಳಿನ ಬೆಂಡೋಲಿ ನನ್ನ ಹತ್ತಿರ ಇದೆ. ಎರಡೂ ಕಿವಿಯವು ಸೇರಿ ಹದಿನಾಲ್ಕು ಕೆಂಪು ಹರಳು. 1958ರಲ್ಲಿ ಮದುವೆ ಹೊತ್ತಿಗೆ ಅಜ್ಜ ಹುಬ್ಬಳ್ಳಿಯಲ್ಲೇ ಮಾಡಿಸಿದ್ದು. ಮನೆಯಲ್ಲಿ ಎಲ್ಲರೂ 'ಬರ್ಮಾ ಕೆಂಪು', ಅಂದರೆ ಬರ್ಮಾ ಗಣಿಯ ಮಾಣಿಕ್ಯ ಅಂತಲೇ ಕರೆಯುತ್ತ ಬಂದಿದ್ದೇವೆ.

ಈ ವೈಶಾಖದಲ್ಲಿ ಮಗಳ ಮದುವೆ. ತಿರುಪು ಸವೆದಿತ್ತು. ಸರಿ ಮಾಡಿಸೋಣ ಅಂತ ದುರ್ಗದಬೈಲ್ ಹತ್ತಿರದ ಒಂದು ಅಂಗಡಿಗೆ ಒಯ್ದೆ. ಅವರು ಕಣ್ಣಿಗೆ ಲೆನ್ಸ್ ಹಚ್ಚಿ ಎರಡು ನಿಮಿಷ ನೋಡಿದರು. "ಅಕ್ಕಾರ, ಇವು ಸಿಂಥೆಟಿಕ್. ಹರಳಿಗೆ ಏನೂ ಬರೂದಿಲ್ಲ, ಬಂಗಾರದ ರೇಟು ಅಷ್ಟೇ" ಎಂದರು.

ನಾನು ಮಾರಲು ಹೋಗಿರಲಿಲ್ಲ. ಆದರೂ ಎದೆ ಧಸಕ್ ಅಂದಿತು. ಮನೆಗೆ ಬಂದು ಅವ್ವನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. "ನಮ್ಮಪ್ಪಗ ಮೋಸ ಮಾಡ್ಯಾರ" ಅಂತ ಎರಡು ದಿನದಿಂದ ಅದೇ ಮಾತು.

ನನಗೆ ತಿಳಿಯಬೇಕಾದದ್ದು ಇಷ್ಟು. 1958ರಲ್ಲೇ ಸಿಂಥೆಟಿಕ್ ಹರಳು ಇತ್ತಾ? ಸಿಂಥೆಟಿಕ್ ಅಂದರೆ ಗಾಜಾ? ಇನ್ನೊಂದು ಮಾತು: ಹದಿನಾಲ್ಕರಲ್ಲಿ ಎರಡು ಹರಳು ಮಾತ್ರ ಮಂಕಾಗಿವೆ, ಉಳಿದ ಹನ್ನೆರಡು ಇವತ್ತಿಗೂ ಫಳಫಳ ಹೊಳೆಯುತ್ತವೆ. ಯಾಕೆ ಹೀಗೆ?

ಪತ್ತಾರ_ಧಾರವಾಡ

ಅಕ್ಕಾರ, ನಮ್ಮದು ಮೂರು ತಲೆಮಾರಿನ ಪತ್ತಾರಿಕೆ. ಇಂಥ ಬೆಂಡೋಲಿ ನನ್ನ ಕೈಗೆ ಬಹಳ ಬಂದಿವೆ. ಮೊದಲು ಸಮಾಧಾನ ಮಾಡಿಕೊಳ್ಳಿ.

ನಮ್ಮ ಜನ ಎರಡೇ ಜಾತಿ ಮಾಡುತ್ತಾರೆ, ಅಸಲಿ ಮತ್ತು ನಕಲಿ. ನಿಜವಾಗಿ ಮೂರು ಇವೆ. ಗಣಿಯಲ್ಲಿ, ಹೊಳೆಯ ಮರಳಲ್ಲಿ ಸಿಕ್ಕಿದ್ದು ನೈಸರ್ಗಿಕ. ಅದೇ ವಸ್ತುವನ್ನು ಮನುಷ್ಯ ಕುಲುಮೆಯಲ್ಲಿ ಬೆಳೆಸಿದರೆ ಸಿಂಥೆಟಿಕ್. ಬೇರೆ ವಸ್ತು ತಂದು ಅದರ ಬಣ್ಣ ಮಾತ್ರ ಹೋಲಿಸಿದರೆ ನಕಲಿ, ಅಂದರೆ ಕೆಂಪು ಗಾಜು ಇತ್ಯಾದಿ. ಸಿಂಥೆಟಿಕ್ ಕೆಂಪು ಗಾಜಲ್ಲ. ಅದು ಮಾಣಿಕ್ಯವೇ, ಮಣ್ಣಿನಿಂದ ಬಂದಿಲ್ಲ ಅಷ್ಟೇ.

ಹಳೆಯದು ಅಂದಮೇಲೆ ಗಣಿಯದೇ ಇರಬೇಕು ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ನಮ್ಮ ಅಜ್ಜನ ಪೆಟ್ಟಿಗೆಯಲ್ಲೂ ಸಿಂಥೆಟಿಕ್ ಕೆಂಪಿನ ಪೊಟ್ಟಣಗಳಿದ್ದವು. 1958ಕ್ಕೆ ಅವು ಹೊಸ ವಸ್ತು ಏನಲ್ಲ.

ಎರಡು ಮಂಕು ಹರಳಿನ ಬಗ್ಗೆ ನನ್ನ ಊಹೆ, ಅವು ಗಾಜು. ಹತ್ತರವರೆಗಿನ ಅಳತೆಯಲ್ಲಿ ಮಾಣಿಕ್ಯದ ಗಡಸುತನ 9, ಗಾಜಿನದು ಐದೂವರೆ ಆಸುಪಾಸು. ನಮ್ಮ ಬೀದಿಯ ಧೂಳಿನಲ್ಲಿರುವ ಮರಳಿನ ಕಣ 7. ಅರವತ್ತು ವರ್ಷ ಸೆರಗಿನಿಂದ ಒರೆಸಿದರೆ ಧೂಳು ಗಾಜನ್ನು ಗೀರುತ್ತದೆ, ಮಾಣಿಕ್ಯಕ್ಕೆ ಏನೂ ಮಾಡಲಾರದು. ಮಂಕು ಹರಳಿನ ಮುಖಗಳ ಅಂಚು ನೋಡಿ. ಉಂಡಗಾಗಿ ಸವೆದಿರುತ್ತದೆ.

ಅಂಗಡಿಯವರು ಲೆನ್ಸಿನಲ್ಲಿ ಏನು ಕಂಡರು ಅಂತ ಹೇಳಿದರಾ? 'ಬಾಗಿದ ಗೆರೆ' ಅಂದಿದ್ದರೆ ಅವರ ಮಾತು ಸರಿ.

ಮಾಸ್ತರ_ಸಪ್ತಾಪುರ

ಪತ್ತಾರರು ಬಾಗಿದ ಗೆರೆ ಅಂದರಲ್ಲ, ಅದು ಯಾಕೆ ಬಾಗುತ್ತದೆ ಅಂತ ಹೇಳುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ್ದೇನೆ. ಈ ಪಾಠ ನನಗೆ ಬಹಳ ಇಷ್ಟ.

ಮಾಣಿಕ್ಯ ಮತ್ತು ನೀಲ ಒಂದೇ ಕಲ್ಲು, ಹೆಸರು ಕುರುಂದ. ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿದ ಆಕ್ಸೈಡು, ಅದಕ್ಕೆ ಅಲ್ಯೂಮಿನಾ ಅಂತಾರೆ. ಶುದ್ಧವಾಗಿದ್ದರೆ ಬಣ್ಣವೇ ಇಲ್ಲ. ಒಂದಿಷ್ಟು ಕ್ರೋಮಿಯಂ ಸೇರಿದರೆ ಕೆಂಪು. ಕಬ್ಬಿಣ ಮತ್ತು ಟೈಟಾನಿಯಂ ಎರಡೂ ಸೇರಿದರೆ ನೀಲಿ.

ಫ್ರಾನ್ಸಿನ ಆಗಸ್ಟ್ ವರ್ನೂಯಿ ಎಂಬ ರಸಾಯನಶಾಸ್ತ್ರಜ್ಞ ಇದನ್ನು ತಯಾರಿಸುವ ದಾರಿಯನ್ನು 1902ರಲ್ಲಿ ಜಗತ್ತಿಗೆ ತಿಳಿಸಿದ. ಅಲ್ಯೂಮಿನಾದ ಹಿಟ್ಟು ಹಿಟ್ಟಾದ ಪುಡಿ, ಅದರಲ್ಲಿ ಸ್ವಲ್ಪ ಕ್ರೋಮಿಯಂ ಆಕ್ಸೈಡ್. ಪುಡಿಯ ಡಬ್ಬಿ ಮೇಲೆ. ಅದನ್ನು ಒಂದು ಚಿಕ್ಕ ಸುತ್ತಿಗೆ ಟಕ್ ಟಕ್ ಅಂತ ಬಡಿಯುತ್ತಿರುತ್ತದೆ. ಬಡಿದಂತೆಲ್ಲ ಒಂದು ಚಿಟಿಕೆ ಪುಡಿ ಆಮ್ಲಜನಕದ ಜೊತೆ ಕೆಳಗೆ ಇಳಿಯುತ್ತದೆ. ಕೆಳಗೆ ಜಲಜನಕದ ಜ್ವಾಲೆ. ಕುರುಂದ ಕರಗುವುದು 2050 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬಂಗಾರ 1064ಕ್ಕೇ ಕರಗುತ್ತದೆ. ಈ ಜ್ವಾಲೆ ಎಷ್ಟು ಬಿಸಿ ಅಂತ ಇದರಿಂದ ಅಂದಾಜು ಮಾಡಿ.

ಪುಡಿ ಕರಗಿ ಹನಿಯಾಗಿ ತಿರುಗುವ ಒಂದು ಪುಟ್ಟ ಕಂಬದ ತುದಿಗೆ ಬೀಳುತ್ತದೆ. ಬಿದ್ದದ್ದು ಹರಳುಗಟ್ಟುತ್ತದೆ. ಅದರ ಮೇಲೆ ಇನ್ನೊಂದು ಹನಿ. ಕಂಬವನ್ನು ನಿಧಾನಕ್ಕೆ ಕೆಳಗಿಳಿಸುತ್ತ ಹೋಗುತ್ತಾರೆ. ಕೆಲವು ತಾಸಿನಲ್ಲಿ ಬೆರಳಿನಷ್ಟು ಉದ್ದದ ಕೆಂಪು ಕಡ್ಡಿ ತಯಾರು. ಭೂಮಿ ಇದೇ ಕೆಲಸಕ್ಕೆ ಲಕ್ಷಗಟ್ಟಲೆ ವರ್ಷ ತೆಗೆದುಕೊಳ್ಳುತ್ತದೆ.

ಈಗ ಗೆರೆಯ ವಿಷಯ. ಬೆಳೆಯುವ ಕಡ್ಡಿಯ ತಲೆ ಚಪ್ಪಟೆ ಇರುವುದಿಲ್ಲ, ಗುಮ್ಮಟದ ಹಾಗೆ ಉಬ್ಬಿರುತ್ತದೆ. ಹಾಗಾಗಿ ಒಂದೊಂದು ಪದರವೂ ಬಾಗಿಯೇ ಕೂರುತ್ತದೆ. ಉಳ್ಳಾಗಡ್ಡಿಯನ್ನು ಹೆಚ್ಚಿದಾಗ ಪದರಗಳು ಕಾಣುತ್ತವಲ್ಲ, ಹಾಗೆ. ಗಣಿಯ ಕುರುಂದದಲ್ಲಿ ಬೆಳವಣಿಗೆಯ ಗೆರೆ ನೆಟ್ಟಗೆ ಹೋಗಿ ಜೇನುಗೂಡಿನ ಮೂಲೆಯಂತೆ ಮುರಿಯುತ್ತದೆ. ಬಾಗುವುದೇ ಇಲ್ಲ. ಆ ಒಂದು ಗೆರೆಯಲ್ಲಿ ಹರಳಿನ ಹುಟ್ಟೂರು ಬರೆದಿರುತ್ತದೆ ಅಂತ ನಾನು ಹುಡುಗರಿಗೆ ಹೇಳುತ್ತಿದ್ದೆ.

1907ರ ಹೊತ್ತಿಗೆ ಹೀಗೆ ತಯಾರಾಗುತ್ತಿದ್ದ ಮಾಣಿಕ್ಯ ವರ್ಷಕ್ಕೆ ಸುಮಾರು ಸಾವಿರ ಕಿಲೋ, ಅಂದರೆ ಐವತ್ತು ಲಕ್ಷ ಕ್ಯಾರೆಟ್. ನಿಮ್ಮ ಅಜ್ಜನ ಮದುವೆಗಿಂತ ಅರ್ಧ ಶತಮಾನ ಹಿಂದೆ! ಹೀಗಾಗಿ 1958ರಲ್ಲಿ ಹುಬ್ಬಳ್ಳಿಯ ಪೇಟೆಯಲ್ಲಿ ಸಿಂಥೆಟಿಕ್ ಸಿಗುವುದು ತೀರಾ ಸಹಜ.

ಮಲ್ಲಿಗೆ_ಹುಬ್ಬಳ್ಳಿ

ಮಾಸ್ತರ್, ಇದನ್ನು ಅವ್ವನಿಗೆ ಓದಿ ಹೇಳಿದೆ. ಸುತ್ತಿಗೆ ಟಕ್ ಟಕ್ ಅನ್ನುವ ಕಡೆ ಬಂದಾಗ "ಮತ್ತ ಓದು" ಎಂದಳು.

ಹತ್ತು ಪಟ್ಟು ದೊಡ್ಡದಾಗಿ ಕಾಣುವ ಲೆನ್ಸ್ ತರಿಸಿದ್ದೇನೆ. ನೋಡಿದರೆ ನನಗೆ ಗೆರೆ ಕಾಣುತ್ತಿಲ್ಲ, ಬರೀ ಹೊಳಪು ಕಣ್ಣಿಗೆ ಹೊಡೆಯುತ್ತದೆ. ಹೇಗೆ ನೋಡಬೇಕು?

ಪತ್ತಾರ_ಧಾರವಾಡ

ಲೆನ್ಸನ್ನು ಹರಳಿನ ಹತ್ತಿರ ಹಿಡಿಯಬೇಡಿ, ಕಣ್ಣಿಗೆ ತಾಗುವ ಹಾಗೆ ಹಿಡಿಯಿರಿ. ಹರಳನ್ನು ಒಂದು ಇಂಚಿನ ದೂರಕ್ಕೆ ತನ್ನಿ. ಎರಡೂ ಕೈ ಒಂದಕ್ಕೊಂದು ತಾಗಿರಲಿ, ನಡುಗುವುದಿಲ್ಲ. ಬೆಳಕು ಮೇಲಿನಿಂದ ಬೀಳಬಾರದು. ಹರಳಿನ ಹಿಂದೆ ಬಿಳಿ ಕಾಗದ ಇಟ್ಟು, ಅದರಾಚೆಯಿಂದ ಮೊಬೈಲ್ ಟಾರ್ಚ್ ಬಿಡಿ. ಕಾಗದದಿಂದ ಸೋಸಿ ಬಂದ ಬೆಳಕಲ್ಲಿ ಒಳಗಿನದು ಕಾಣುತ್ತದೆ. ನಿಧಾನಕ್ಕೆ ತಿರುಗಿಸುತ್ತ ಹೋಗಿ, ಒಂದೇ ಕೋನದಲ್ಲಿ ಗೆರೆ ಸಿಗುತ್ತದೆ. ಹಳೆ ಗ್ರಾಮಫೋನ್ ರೆಕಾರ್ಡಿನ ಗೆರೆಯಂತೆ ಇರುತ್ತವೆ, ಬಹಳ ಸಣ್ಣ.

ಬೆಂಡೋಲಿಯ ಹಿಂದೆ ಬಂಗಾರ ಮುಚ್ಚಿದ್ದರೆ ಬೆಳಕು ಹಾಯುವುದಿಲ್ಲ. ಆಗ ಹರಳು ಬಿಚ್ಚಿಯೇ ನೋಡಬೇಕು. ನೀವೇ ಬಿಚ್ಚಬೇಡಿ.

ಗೆರೆ ಕಾಣದಿದ್ದರೂ ದುಂಡನೆಯ ಗಾಳಿಗುಳ್ಳೆ ಕಂಡರೆ ಅದು ಕುಲುಮೆಯದು ಅಥವಾ ಗಾಜು. ಗಣಿಯ ಮಾಣಿಕ್ಯದಲ್ಲಿ 'ರೇಷ್ಮೆ' ಅಂತೀವಿ, ಕೂದಲಿಗಿಂತ ಸಣ್ಣ ಸೂಜಿಗಳು ಒಂದನ್ನೊಂದು ಹಾಯ್ದುಕೊಂಡು ಬಿದ್ದಿರುತ್ತವೆ. ಒಳಗೆ ಏನೂ ಇಲ್ಲ, ಕನ್ನಡಿಯಷ್ಟು ಸ್ವಚ್ಛ, ಬೆಲೆಯೂ ಅಗ್ಗ ಅಂದರೆ ಅನುಮಾನ ಪಡಿ.

ಸೂರತ್‌ನಿಂದ_ಗದಗಿಗೆ

ವಜ್ರದ ಮಾತು ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ಈಗ ಮದುವೆ ಮನೆಗಳಲ್ಲಿ ಅದರದೇ ಜಾಸ್ತಿ ಗೊಂದಲ. ಸೂರತ್‌ನಲ್ಲಿ ನಾಲ್ಕು ವರ್ಷ ವಜ್ರ ಬೆಳೆಸುವ ಘಟಕದಲ್ಲಿ ಕೆಲಸ ಮಾಡಿ ಗದಗಿಗೆ ಬಂದಿದ್ದೇನೆ.

ವಜ್ರ ಬೆಳೆಸಲು ಎರಡು ದಾರಿ. ಒಂದು ಪ್ರೆಸ್. ಐವತ್ತು ಅರವತ್ತು ಸಾವಿರ ವಾತಾವರಣದಷ್ಟು ಒತ್ತಡ, 1300 ಡಿಗ್ರಿಗಿಂತ ಹೆಚ್ಚು ಶಾಖ, ಕರಗಿದ ಲೋಹದೊಳಗೆ ಇಂಗಾಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟ್ರೇಸಿ ಹಾಲ್ 1954ರ ಡಿಸೆಂಬರಿನಲ್ಲಿ ಹೀಗೆ ವಜ್ರ ಮಾಡಿದರು. ಅವು ಮರಳಿನಷ್ಟು ಸಣ್ಣವು, ಕತ್ತರಿಸುವ, ಉಜ್ಜುವ ಕೆಲಸಕ್ಕೆ ಮಾತ್ರ. ಒಡವೆಗೆ ಆಗುವಂಥದು ಬಂದಿದ್ದು 1970ರಲ್ಲಿ.

ಇನ್ನೊಂದು ನಾವು ಮಾಡುತ್ತಿದ್ದದ್ದು, ಸಿವಿಡಿ, ಅಂದರೆ ಅನಿಲದಿಂದ ವಜ್ರ ಬೆಳೆಸುವುದು. ತೆಳುವಾದ ವಜ್ರದ ಬಿಲ್ಲೆ ಇರುತ್ತದೆ, ಅದಕ್ಕೆ ಬೀಜ ಅಂತಲೇ ಹೆಸರು. ಬೀಜಗಳನ್ನು ಚೇಂಬರಿನಲ್ಲಿ ಸಾಲಾಗಿ ಇಟ್ಟು ಗಾಳಿ ತೆಗೆದುಬಿಡುತ್ತೇವೆ. ಜಲಜನಕ ಮತ್ತು ಮೀಥೇನ್ ಅನಿಲ ಬಿಟ್ಟು ಮೈಕ್ರೋವೇವ್ ಹಾಯಿಸಿದರೆ ಒಳಗೆ ನೇರಳೆ ಬಣ್ಣದ ಬೆಂಕಿಯ ಉಂಡೆ. ಮೀಥೇನ್‌ನ ಇಂಗಾಲ ಒಡೆದು ಬೀಜದ ಮೇಲೆ ಒಂದೊಂದೇ ಪದರ ಕೂರುತ್ತದೆ. ಮೂರು ನಾಲ್ಕು ವಾರ ಹಿಡಿಯುತ್ತದೆ. ಅಂಚಿಗೆ ಕಪ್ಪು ಮಸಿ ಕಟ್ಟುತ್ತದೆ, ನಡುವೆ ನಿಲ್ಲಿಸಿ ಲೇಸರಿನಿಂದ ತೆಗೆದು ಮತ್ತೆ ಇಡಬೇಕು. ಕರೆಂಟ್ ಹೋದರೆ ಬೆಳೆ ಹಾಳು. ನಮ್ಮಪ್ಪ ಹೊಲದಲ್ಲಿ ಮಳೆಗೆ ಕಾಯುತ್ತಾರೆ, ನಾನು ಅಲ್ಲಿ ಕರೆಂಟ್ ಕಾಯುತ್ತಿದ್ದೆ.

ಅಲ್ಲಿ ಬೆಳೆದದ್ದು ಪೂರ್ತಿ ವಜ್ರ. ಅಂಗಡಿಯಲ್ಲಿ ಪೆನ್ನಿನಂಥ ಟೆಸ್ಟರ್ ಇಟ್ಟು 'ಟಿಂಯ್' ಅನ್ನಿಸಿ ತೋರಿಸುತ್ತಾರಲ್ಲ, ಅದು ಶಾಖ ಎಷ್ಟು ಬೇಗ ಹರಿಯುತ್ತದೆ ಅಂತ ಮಾತ್ರ ನೋಡುತ್ತದೆ. ಗಣಿಯದಕ್ಕೂ ಟಿಂಯ್, ಲ್ಯಾಬಿನದಕ್ಕೂ ಟಿಂಯ್. ಮೊಯ್ಸನೈಟ್ ಎಂಬ ಇನ್ನೊಂದು ಕಲ್ಲಿದೆ, ಸಿಲಿಕಾನ್ ಕಾರ್ಬೈಡ್. ಅದಕ್ಕೂ ಹಲವು ಟೆಸ್ಟರ್‌ಗಳು ಟಿಂಯ್ ಅನ್ನುತ್ತವೆ! ಅದನ್ನು ಹಿಡಿಯಲು ಲೆನ್ಸ್ ಸಾಕು. ಓರೆಯಾಗಿ ನೋಡಿದರೆ ಹಿಂಬದಿಯ ಅಂಚುಗಳು ಜೋಡಿ ಜೋಡಿಯಾಗಿ ಕಾಣುತ್ತವೆ. ವಜ್ರದಲ್ಲಿ ಹಾಗೆ ಕಾಣುವುದಿಲ್ಲ.

ಗಣಿಯ ವಜ್ರ ಮತ್ತು ಲ್ಯಾಬಿನದನ್ನು ಬೇರೆ ಮಾಡಲು ಮಾತ್ರ ದೊಡ್ಡ ಯಂತ್ರವೇ ಬೇಕು. ಭೂಮಿಯ ವಜ್ರದಲ್ಲಿ ಸಾಮಾನ್ಯವಾಗಿ ಸಾರಜನಕ ಇರುತ್ತದೆ, ನಮ್ಮದರಲ್ಲಿ ಹೆಚ್ಚುಕಡಿಮೆ ಇರುವುದಿಲ್ಲ. ಯಂತ್ರ ಅದನ್ನು ಹುಡುಕುತ್ತದೆ. ಬಾಯಿ ಆವಿ ಊದಿ ನೋಡುವುದು, ನೀರಿಗೆ ಹಾಕುವುದು, ಪೇಪರ್ ಅಕ್ಷರ ಓದುವುದು ಇವು ಯಾವುವೂ ಇಲ್ಲಿ ನಡೆಯುವುದಿಲ್ಲ. ಸರ್ಟಿಫಿಕೇಟ್ ಇರುವ ಹರಳಾದರೆ ಅದರ ಸೊಂಟದ, ಅಂದರೆ ಅಗಲವಾದ ನಡುಭಾಗದ ಅಂಚಿನಲ್ಲಿ ಲೇಸರಿನಲ್ಲಿ ಬರೆದ ನಂಬರ್ ಇರಬಹುದು, ಲೆನ್ಸಿನಲ್ಲಿ ಓದಿ.

ಲ್ಯಾಬ್ ವಜ್ರ ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. 2023ರಲ್ಲಿ ಪ್ರಧಾನಿ ಮೋದಿ ಅಮೆರಿಕಕ್ಕೆ ಹೋದಾಗ ಆಗಿನ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಕೊಟ್ಟದ್ದು ಲ್ಯಾಬಿನಲ್ಲಿ ಬೆಳೆದ ಏಳೂವರೆ ಕ್ಯಾರೆಟ್ ವಜ್ರವೇ. ಆದರೆ ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿದಿದೆ. ತೊಡುವ ಆಸೆಗೆ ಕೊಳ್ಳಿ, ಕಷ್ಟಕಾಲಕ್ಕೆ ಆದೀತು ಅಂತ ಕೊಳ್ಳಬೇಡಿ.

ಏಲಕ್ಕಿಹಾರ_ಹಾವೇರಿ

ನೀವೆಲ್ಲ ಸಿಂಥೆಟಿಕ್ ಬಗ್ಗೆ ಇಷ್ಟು ಪ್ರೀತಿಯಿಂದ ಬರೆಯುತ್ತಿದ್ದೀರಿ. ನನ್ನ ಕಥೆ ಬೇರೆ. ನನ್ನದು ಗಣಿಯ ಮಾಣಿಕ್ಯವೇ, ಹರಳು ಪರೀಕ್ಷೆ ಮಾಡಿದ ಲ್ಯಾಬ್ ಕಾಗದದಲ್ಲೂ ಹಾಗೇ ಇದೆ. ಆದರೂ ಹಾಳಾಯಿತು.

ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಉಂಗುರ ಕೊಂಡೆ. ದೊಡ್ಡ ಹರಳು, ಒಳ್ಳೆ ಬಣ್ಣ. ಕಳೆದ ದೀಪಾವಳಿಗೆ ಉಂಗುರ ಬಿಗಿಯಾಯಿತು ಅಂತ ಬೇರೆ ಕಡೆ ದೊಡ್ಡದು ಮಾಡಿಸಿದೆ. ಬೆಸುಗೆ ಹಾಕಿ ವಾಪಸ್ ಕೊಟ್ಟಾಗ ಹರಳಿನ ತುಂಬಾ ಜೇಡರ ಬಲೆಯಂಥ ಬಿಳಿ ಬಿರುಕು. ಕೊಂಡ ಅಂಗಡಿಯವರು ಬೆಸುಗೆಯವರ ತಪ್ಪು ಅನ್ನುತ್ತಾರೆ. ಬೆಸುಗೆಯವರು ಹರಳೇ ಸರಿಯಿಲ್ಲ ಅನ್ನುತ್ತಾರೆ. ಗಣಿಯ ಮಾಣಿಕ್ಯ ಅಷ್ಟು ಬೆಂಕಿಗೆ ಒಡೆಯುತ್ತದಾ?

ಪತ್ತಾರ_ಧಾರವಾಡ

ತಂಗಿ, ಓದಿ ಬಹಳ ಬೇಸರವಾಯಿತು. ನಿಮ್ಮದು ಗಾಜು ತುಂಬಿದ ಮಾಣಿಕ್ಯ ಅನ್ನಿಸುತ್ತದೆ. ಇಪ್ಪತ್ತು ವರ್ಷದಿಂದ ಇವು ಪೇಟೆಯಲ್ಲಿ ಬಹಳ. ಬಿರುಕು ಬಿದ್ದ, ಕೆಲಸಕ್ಕೆ ಬಾರದ ಗಣಿಯ ಕಲ್ಲನ್ನು ತೆಗೆದುಕೊಂಡು ಬಿರುಕಿನೊಳಗೆ ಸೀಸದ ಗಾಜು ಕರಗಿಸಿ ತುಂಬುತ್ತಾರೆ. ಬಿರುಕು ಮಾಯವಾಗಿ ಹರಳು ತಿಳಿಯಾಗಿ ಕಾಣುತ್ತದೆ. ಕೆಲವದರಲ್ಲಿ ಕಲ್ಲಿಗಿಂತ ಗಾಜಿನ ಆಸರೆಯೇ ಹೆಚ್ಚು.

ಆ ಗಾಜು ಬೆಂಕಿ ತಡೆಯುವುದಿಲ್ಲ. ಬರೀ ಬೆಂಕಿಯಲ್ಲ, ನಿಂಬೆರಸ ಬಿದ್ದರೂ ಹೋಗುತ್ತದೆ. ನಾವು ಬೆಸುಗೆ ಆದಮೇಲೆ ಒಡವೆಯನ್ನು ಆಸಿಡ್‌ಗೆ ಹಾಕಿ ತೊಳೆಯುತ್ತೇವೆ, ಅದಂತೂ ಪೂರಾ ತಿಂದುಬಿಡುತ್ತದೆ. ಅಡುಗೆ ಮನೆಯಲ್ಲಿ ನಿಂಬೆಹಣ್ಣು ಹಿಂಡುವ ಕೈಗೆ ಇಂಥ ಉಂಗುರ ಯೋಗ್ಯವಲ್ಲ.

ಗುರುತು ಹೇಳುತ್ತೇನೆ, ಬೇರೆಯವರಿಗಾದರೂ ಆದೀತು. ಲೆನ್ಸಿನಲ್ಲಿ ಹರಳನ್ನು ಅತ್ತಿತ್ತ ವಾಲಿಸಿದರೆ ಬಿರುಕಿನ ಸಾಲಿನಲ್ಲಿ ನೀಲಿ ಮಿಂಚು ಹಾಯುತ್ತದೆ. ಗಾಜಿನೊಳಗೆ ಚಪ್ಪಟೆ ಗುಳ್ಳೆ ಇರುತ್ತವೆ. ಲ್ಯಾಬ್ ಕಾಗದದಲ್ಲಿ ಮೊದಲ ಸಾಲು 'ನೈಸರ್ಗಿಕ ಮಾಣಿಕ್ಯ' ಅಂತ ಓದಿ ಬಿಡಬೇಡಿ. ಕೆಳಗೆ ಟ್ರೀಟ್‌ಮೆಂಟ್ ಅಂತ ಇರುತ್ತದೆ. ಗಾಜು ತುಂಬಿದ್ದು ಅಲ್ಲಿರುತ್ತದೆ.

ನನ್ನ ಮನಸ್ಸಿನ ಮಾತು ಹೇಳಲಾ? ಇಂಥದಕ್ಕಿಂತ ಮಲ್ಲಿಗೆ ಅಕ್ಕಾರ ಸಿಂಥೆಟಿಕ್ ಕೆಂಪು ಸಾವಿರ ಪಾಲು ಮೇಲು. ಅದು ಬೆಂಕಿಯಲ್ಲೇ ಹುಟ್ಟಿದ್ದು.

ಬಿಲ್ಲಿನಲ್ಲಿ ಏನು ಬರೆದಿದೆ, ನೋಡಿ ಹೇಳಿ.

ಏಲಕ್ಕಿಹಾರ_ಹಾವೇರಿ

ನೋಡಿದೆ. ಬಿಲ್ಲಿನಲ್ಲಿ 'ಸ್ಟೋನ್' ಅಂತ ಮಾತ್ರ ಇದೆ. ಲ್ಯಾಬ್ ಕಾಗದದಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಗಾಜು ತುಂಬಿದ್ದು ಅಂತ ಬರೆದೇ ಇದೆ. ಮೂರು ವರ್ಷ ಕಪಾಟಿನಲ್ಲಿತ್ತು, ನಾನು ಓದಿರಲಿಲ್ಲ. ಅವರೂ ಬಾಯಿಬಿಟ್ಟು ಹೇಳಲಿಲ್ಲ. ಹಾಲ್‌ಮಾರ್ಕ್ ಇದೆಯಲ್ಲ ಅಂತ ನಂಬಿಕೊಂಡಿದ್ದೆ.

ಪತ್ತಾರ_ಧಾರವಾಡ

ಹಾಲ್‌ಮಾರ್ಕ್ ಬಂಗಾರದ ಶುದ್ಧತೆಗೆ ತಂಗಿ. ಹರಳಿಗೂ ಅದಕ್ಕೂ ಸಂಬಂಧ ಇಲ್ಲ. ಎಲ್ಲರೂ ಇದೊಂದನ್ನು ದಯವಿಟ್ಟು ನೆನಪಿಡಿ: ಹರಳಿನ ಒಡವೆ ಕೊಂಡಾಗ ಬಿಲ್ಲಿನಲ್ಲಿ ಹರಳಿನ ತೂಕ ಬೇರೆ, ಬಂಗಾರದ ತೂಕ ಬೇರೆ ಬರೆಸಿ. ಹರಳಿನ ಮುಂದೆ ನೈಸರ್ಗಿಕವೋ, ಸಿಂಥೆಟಿಕ್ಕೋ, ಏನು ಉಪಚಾರ ಮಾಡಿದ್ದಾರೋ ಬರೆಸಿ. ಬರೆಯಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದು ಬನ್ನಿ.

ರಾಣೆಬೆನ್ನೂರ_ರೈತ

ನನಗೆ ಶನಿಗೆ ನೀಲ ಹಾಕಿಕೊಳ್ಳಲು ಹೇಳಿದ್ದಾರೆ. ಐದು ರತ್ತಿ ತೂಕದ್ದು ಎರಡು ಸಾವಿರಕ್ಕೆ ಕೊಡುತ್ತೇನೆ ಅನ್ನುತ್ತಾರೆ ಒಬ್ಬರು, ಪೂರ್ತಿ ಸ್ವಚ್ಛ ಇದೆ. ಸಿಂಥೆಟಿಕ್ ಆದರೆ ಫಲ ಕೊಡುತ್ತದಾ?

ಪತ್ತಾರ_ಧಾರವಾಡ

ಅಣ್ಣಾರ, ಫಲದ ಮಾತು ನಿಮಗೆ ಹೇಳಿದವರನ್ನೇ ಕೇಳಬೇಕು. ಕಲ್ಲಿನ ಮಾತು ನಾನು ಹೇಳಬಲ್ಲೆ. ಅಷ್ಟು ದೊಡ್ಡ, ಅಷ್ಟು ಸ್ವಚ್ಛ ಗಣಿಯ ನೀಲ ಎರಡು ಸಾವಿರಕ್ಕೆ ಸಿಗುವುದಿಲ್ಲ. ಬಿಳಿ ತಟ್ಟೆಯಲ್ಲಿ ನೀರು ಹಾಕಿ ಹರಳನ್ನು ಮುಳುಗಿಸಿ, ಪಕ್ಕದಿಂದ ನೋಡಿ. ಸಿಂಥೆಟಿಕ್ ನೀಲದಲ್ಲಿ ಬಣ್ಣದ ಪಟ್ಟೆಗಳು ಬಾಗಿರುವುದು ಬರಿಗಣ್ಣಿಗೇ ಕಾಣುವುದುಂಟು. ಕೆಂಪಿಗಿಂತ ನೀಲಿಯಲ್ಲಿ ಇದು ಸುಲಭ.

ಮಾಸ್ತರ_ಸಪ್ತಾಪುರ

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ. ಬಿಡಿ ಹರಳು, ಸೂಕ್ಷ್ಮ ತಕ್ಕಡಿ, ಒಂದು ಲೋಟ ನೀರು, ಒಂದು ದಾರ ಸಾಕು. ಹರಳು ಗಾಳಿಯಲ್ಲಿ 1.20 ಗ್ರಾಂ ತೂಗಿತು, ನೀರಿನಲ್ಲಿ ತೂಗಾಡಿಸಿದಾಗ 0.90 ಗ್ರಾಂ ಅಂತ ಇಟ್ಟುಕೊಳ್ಳಿ. ಕಡಿಮೆಯಾದದ್ದು 0.30. ಇದರಿಂದ 1.20 ಅನ್ನು ಭಾಗಿಸಿದರೆ 4. ಕುರುಂದದ ಸಾಂದ್ರತೆ ಅದೇ. ಸಾಮಾನ್ಯ ಗಾಜಾದರೆ ಎರಡೂವರೆ ಆಸುಪಾಸು ಬರುತ್ತದೆ. ವಜ್ರ 3.52. ಅಮೆರಿಕನ್ ಡೈಮಂಡ್ ಅಂತ ಮಾರುವ ಕ್ಯೂಬಿಕ್ ಜಿರ್ಕೋನಿಯಾ ಐದೂವರೆ ದಾಟುತ್ತದೆ. ಅದಕ್ಕೇ ಅದು ಕೈಗೆ ಭಾರ ಅನ್ನಿಸುವುದು.

ಆದರೆ ಗಣಿಯ ಮಾಣಿಕ್ಯಕ್ಕೂ 4, ಕುಲುಮೆಯ ಮಾಣಿಕ್ಯಕ್ಕೂ 4. ಕಲ್ಲು ಯಾವುದು ಅಂತ ತಕ್ಕಡಿ ಹೇಳುತ್ತದೆ. ಎಲ್ಲಿ ಹುಟ್ಟಿತು ಅಂತ ಲೆನ್ಸ್ ಹೇಳಬೇಕು.

ಮಲ್ಲಿಗೆಯವರೇ, ಮನೆಯಲ್ಲಿ ಅಜ್ಜನ ಹಳೆ ಎಚ್‌ಎಂಟಿ ಕೈಗಡಿಯಾರ ಇದೆಯಾ? ಇದ್ದರೆ ಮುಖದ ಮೇಲೆ '17 ಜ್ಯುವೆಲ್ಸ್' ಅಂತ ಬರೆದಿದೆಯಾ ನೋಡಿ. ಅವು ಒಳಗಿನ ಚಕ್ರಗಳ ಅಚ್ಚು ತಿರುಗುವ ಜಾಗದಲ್ಲಿ ಕೂರಿಸಿದ ಸಿಂಥೆಟಿಕ್ ಮಾಣಿಕ್ಯಗಳು. ಲೋಹ ಆಗಿದ್ದರೆ ಬೇಗ ಸವೆಯುತ್ತಿತ್ತು. 1960ರಲ್ಲಿ ಥಿಯೋಡೋರ್ ಮೈಮನ್ ಜಗತ್ತಿನ ಮೊದಲ ಲೇಸರ್ ಬೆಳಗಿಸಿದ್ದೂ ಸಿಂಥೆಟಿಕ್ ಮಾಣಿಕ್ಯದ ಕಡ್ಡಿಯಿಂದಲೇ. ಗಣಿಯ ಕಲ್ಲಿನಲ್ಲಿ ಇರುವ ಕಲೆ, ಬಿರುಕು ಆ ಕೆಲಸಕ್ಕೆ ಆಗಿಬರುವುದಿಲ್ಲ.

ಮಲ್ಲಿಗೆ_ಹುಬ್ಬಳ್ಳಿ

ಎಲ್ಲರಿಗೂ ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ.

ಪತ್ತಾರರ ಅಂಗಡಿಗೆ ಧಾರವಾಡಕ್ಕೆ ಹೋಗಿದ್ದೆ. ನನ್ನ ಎದುರೇ ಹದಿನಾಲ್ಕೂ ಹರಳು ಬಿಚ್ಚಿ, ಒಂದೊಂದಕ್ಕೂ ನಂಬರ್ ಹಾಕಿ ಪೊಟ್ಟಣ ಕಟ್ಟಿಕೊಟ್ಟರು. ತಮ್ಮ ಬೆಂಗಳೂರಿನಲ್ಲಿದ್ದಾನೆ, ಅಲ್ಲಿನ ಲ್ಯಾಬಿಗೆ ಕೊಡಿಸಿದೆ. ಹನ್ನೆರಡು ಸಿಂಥೆಟಿಕ್ ಮಾಣಿಕ್ಯ, ಬಾಗಿದ ಗೆರೆ ಇದೆ. ಎರಡು ಗಾಜು.

ಗಾಜು ಅಂದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ನೆನಪು ಮಾಡಿಕೊಂಡಳು. ಅವಳು ಸಣ್ಣವಳಿದ್ದಾಗ ಸಿದ್ಧಾರೂಢರ ಜಾತ್ರೆಯ ಗದ್ದಲದಲ್ಲಿ ಅಜ್ಜಿಯ ಒಂದು ಬೆಂಡೋಲಿಯ ಎರಡು ಹರಳು ಬಿದ್ದುಹೋಗಿದ್ದವಂತೆ. ಅಜ್ಜನಿಗೆ ಗೊತ್ತಾಗಬಾರದು ಅಂತ ಅಜ್ಜಿ ಮರುದಿನವೇ ಓಣಿಯ ಪತ್ತಾರನ ಹತ್ತಿರ ಬೇರೆ ಹಾಕಿಸಿದ್ದಳು. ಎರಡೂ ಮಂಕು ಹರಳು ಒಂದೇ ಕಿವಿಯದರಲ್ಲಿವೆ, ಅಕ್ಕಪಕ್ಕ.

ಆ ಮಾತಿನ ಮೇಲೆ ಅವ್ವ ಅಜ್ಜಿಯ ಟ್ರಂಕ್ ತೆಗೆಸಿದಳು. ತಳದಲ್ಲಿ 1958ರ ಚೀಟಿ ಸಿಕ್ಕಿತು. ಬಂಗಾರದ ತೂಕ, ಮಜೂರಿ, ಅದರ ಕೆಳಗೆ 'ಕೆಂಪು ಹರಳು 14ಕ್ಕೆ ರೂ. 7'. ಬರ್ಮಾ ಅಂತ ಎಲ್ಲೂ ಇಲ್ಲ. ಏಳು ರೂಪಾಯಿಗೆ ಹದಿನಾಲ್ಕು ಬರ್ಮಾ ಮಾಣಿಕ್ಯ ಆಗಲೂ ಬರುತ್ತಿರಲಿಲ್ಲ, ಅಲ್ವಾ? ಅಂಗಡಿಯವರು ಸುಳ್ಳು ಬರೆದಿರಲಿಲ್ಲ. ಅಜ್ಜನಿಗೂ ಗೊತ್ತಿತ್ತು. 'ಬರ್ಮಾ' ಅಂತ ಹೆಸರು ಕೂಡಿಸಿದ್ದು ಆಮೇಲೆ ನಾವೇ.

ಗಡಿಯಾರವೂ ಸಿಕ್ಕಿದೆ ಮಾಸ್ತರ್. 17 ಜ್ಯುವೆಲ್ಸ್. ಕೀಲಿ ಕೊಟ್ಟರೆ ಇನ್ನೂ ನಡೆಯುತ್ತದೆ. ಅವ್ವ ಅದನ್ನು ಕಿವಿಗೆ ಹಿಡಿದುಕೊಂಡು ಕೂತಿದ್ದಾಳೆ.

ಪತ್ತಾರರೇ, ಮಗಳು ಅದೇ ಬೆಂಡೋಲಿ ತೊಡುತ್ತೇನೆ ಅನ್ನುತ್ತಿದ್ದಾಳೆ. ಹನ್ನೆರಡೂ ಹಾಗೇ ಕೂರಿಸಿ. ಗಾಜಿನ ಎರಡರ ಜಾಗಕ್ಕೆ ಅದೇ ಬಣ್ಣದ ಸಿಂಥೆಟಿಕ್ ಸಿಗುತ್ತದಾ?

ಪತ್ತಾರ_ಧಾರವಾಡ

ಸಿಗುತ್ತದೆ ಅಕ್ಕಾರ. ಹೊಸದು ಸ್ವಲ್ಪ ಗುಲಾಬಿ ಕಡೆ ಬರುತ್ತದೆ, ಆದ್ದರಿಂದ ನಮ್ಮ ಅಜ್ಜನ ಪೊಟ್ಟಣದಲ್ಲಿ ಹುಡುಕುತ್ತೇನೆ. ಹಳೆ ಹನ್ನೆರಡರಲ್ಲಿ ಒಂದನ್ನು ತನ್ನಿ, ಹಗಲ ಬೆಳಕಲ್ಲಿ ಪಕ್ಕ ಇಟ್ಟು ಜೋಡಿ ಮಾಡೋಣ. ಬೆಳಿಗ್ಗೆ ಹನ್ನೊಂದರ ಒಳಗೆ ಬನ್ನಿ, ಆಮೇಲೆ ನಮ್ಮ ಕಟ್ಟೆಗೆ ನೆರಳು ಬೀಳುತ್ತದೆ. ಗಾಜಿನ ಎರಡನ್ನೂ ಎಸೆಯಬೇಡಿ, ಅಜ್ಜಿ ಹಾಕಿಸಿದ್ದು. ಸಣ್ಣ ಡಬ್ಬಿಯಲ್ಲಿ ಹಾಕಿ ಆ ಚೀಟಿಯ ಜೊತೆ ಇಟ್ಟುಕೊಳ್ಳಿ.